ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ನೆನಪಿಗೆ ಹೊರಬರುತ್ತಿರುವ ಈ ಸಂಚಿಕೆಯಲ್ಲಿ, ಶಾಲೆಯಲ್ಲಿ ಹೆಚ್ಚು ದಿನ ಕೂರದ ಒಬ್ಬರ ಬಗ್ಗೆ ಬರೆಯುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಕ್ಕಳಿಗಾಗಿ ಇಂಥದೊಂದು ಪುಸ್ತಕ ಬರುವಾಗ ಡಾ. ರಾಜ್‌ಕುಮಾರ್ ಅವರ ಹೆಸರು ಅದರಲ್ಲಿ ಇರಲೇಬೇಕು. ಅವರು ನಮ್ಮ ಸೀಮೆಯವರು ಎಂಬ ಹೆಮ್ಮೆ ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದುದು. ಓದದೆಯೂ ರಾಜ್‌ಕುಮಾರ್ ಅಷ್ಟು ದೊಡ್ಡವರಾದರಲ್ಲ ಎಂಬ ಮಾತನ್ನು ಮನೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಪಾಠ ಬೇಡವೆನಿಸಿದ ಮಕ್ಕಳಿಗೆ ಆ ಮಾತು ಆಸರೆಯಾಗಿಬಿಡುತ್ತದೆ. ಅದು ಎಷ್ಟು ನಿಜ, ಎಷ್ಟು ತಪ್ಪು ಎಂಬುದನ್ನು ಅವರ ಜೀವನವನ್ನೇ ಮುಂದಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ಕಾವೇರಿ ದಂಡೆಯ ಮುತ್ತತ್ತಿಯ ಆಂಜನೇಯಸ್ವಾಮಿ ಈ ಕುಟುಂಬದವರು ನಂಬಿದ ದೇವರು. ಮುತ್ತತ್ತಿರಾಯನ ಹೆಸರನ್ನೇ ಹಿರಿಯ ಮಗನಿಗೆ ಇಟ್ಟರು. ತಂದೆಯ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ಮಗು ಹುಟ್ಟಿದ್ದು 1929ರ ಏಪ್ರಿಲ್ 24ರಂದು, ತಾಳವಾಡಿ ಬಳಿಯ ಗಾಜನೂರಿನಲ್ಲಿ.

ಇಂದಿನ ವಿದ್ಯಾರ್ಥಿಗಳಿಗೆ ಇಲ್ಲಿ ಸ್ವಲ್ಪ ಭೂಗೋಳ ಹೇಳಬೇಕು. ಆಗ ಯಳಂದೂರು ಮೈಸೂರು ಸಂಸ್ಥಾನದಲ್ಲಿತ್ತು. ಪಕ್ಕದ ಕೊಳ್ಳೇಗಾಲ ಮಾತ್ರ ಬ್ರಿಟಿಷರ ಆಳ್ವಿಕೆಯ ಮದ್ರಾಸ್ ಪ್ರಾಂತ್ಯಕ್ಕೆ, ಅದರಲ್ಲೂ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಾಳವಾಡಿ ಕಡೆಯ ಹಳ್ಳಿಗಳೂ ಅದೇ ಜಿಲ್ಲೆಯವು. ಮನೆಯಲ್ಲಿ, ಸಂತೆಯಲ್ಲಿ, ಮಾದಪ್ಪನ ಪರಿಷೆಯಲ್ಲಿ ಕನ್ನಡ. ಜಿಲ್ಲಾ ಕಚೇರಿ ದೂರದ ಕೊಯಮತ್ತೂರಿನಲ್ಲಿ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಗಾಜನೂರು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಹೀಗೆ ಒಂದೇ ಕುಟುಂಬದ ಎರಡು ಊರುಗಳು ಎರಡು ರಾಜ್ಯಗಳ ಪಾಲಾದವು. ಮುಂದೆ ಇಡೀ ಕರ್ನಾಟಕಕ್ಕೆ ಕನ್ನಡದ ಗುರುತಾಗಿ ನಿಂತ ವ್ಯಕ್ತಿ ಇಂಥ ಗಡಿಸೀಮೆಯ ಮಗ ಎಂಬುದನ್ನು ನಾವು ಮರೆಯಬಾರದು.

ಪುಟ್ಟಸ್ವಾಮಯ್ಯನವರು ಕಂಪನಿ ನಾಟಕದ ನಟರು. ಗುಬ್ಬಿ ವೀರಣ್ಣನವರ ಪ್ರಸಿದ್ಧ ನಾಟಕ ಕಂಪನಿಯಲ್ಲಿ ಇದ್ದವರು. ಕಂಸ, ರಾವಣ, ಹಿರಣ್ಯಕಶಿಪುವಿನಂಥ ಅಬ್ಬರದ ಪಾತ್ರಗಳಿಗೆ ಅವರು ಹೆಸರುವಾಸಿ. ಕಂಪನಿ ನಾಟಕವೆಂದರೆ ಇಂದಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಊರಿಂದೂರಿಗೆ ಪರದೆ, ಸೀನರಿ, ಪೆಟ್ಟಿಗೆ, ಉಡುಪುಗಳನ್ನು ಹೊತ್ತು ಸಾಗುತ್ತಿದ್ದ ದೊಡ್ಡ ಸಂಸಾರ ಅದು. ಒಂದು ಊರಿನಲ್ಲಿ ಕ್ಯಾಂಪು ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ ವಾಸ. ನಟರು, ಹಾರ್ಮೋನಿಯಂ ಮಾಸ್ತರರು, ತಬಲದವರು, ಅಡುಗೆಯವರು, ಅವರ ಹೆಂಡತಿ ಮಕ್ಕಳು ಎಲ್ಲರಿಗೂ ಅದೇ ಮನೆ. ಜನ ಬಂದರೆ ಊಟ, ಮಳೆ ಬಂದರೆ ಉಪವಾಸ ಎಂಬಂಥ ಬದುಕು. ಆದರೂ ರಾತ್ರಿ ದೀಪ ಬೆಳಗಿ ನಾಂದಿ ಪದ್ಯ ಕೇಳಿಸಿತೆಂದರೆ ಹಳ್ಳಿಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ತಂದೆ ಊರೂರು ಅಲೆಯುವ ನಟ. ಹಾಗಾಗಿ ಒಂದೇ ಊರಿನಲ್ಲಿ ನೆಲೆಯಾಗಿ ಓದುವುದು ಹಿರಿಯ ಮಗ ಮುತ್ತುರಾಜನಿಗೆ ಸಾಧ್ಯವಾಗಲಿಲ್ಲ. ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲೇ ಓದು ನಿಂತಿತು. ಹುಡುಗ ಅಪ್ಪನ ಜೊತೆ ಕಂಪನಿ ಸೇರಿದ. ತಮ್ಮ ವರದರಾಜ, ತಂಗಿಯರು, ಎಲ್ಲರ ಬಾಲ್ಯವೂ ಈ ಬಡತನದಲ್ಲೇ ಕಳೆಯಿತು. ಶಾಲೆ ಬಿಟ್ಟದ್ದು ಅವರ ಆಯ್ಕೆಯಾಗಿರಲಿಲ್ಲ. ಅದು ಮನೆಯ ಪರಿಸ್ಥಿತಿ. ಈ ಒಂದು ವಿಷಯವನ್ನು ನಾವು ಮೊದಲೇ ಗುರುತು ಹಾಕಿಕೊಳ್ಳಬೇಕು.

ಹಾಗಾದರೆ ಅವರು ಕಲಿತದ್ದು ಎಲ್ಲಿ? ಉತ್ತರ ಸರಳ: ಕಂಪನಿಯೇ ಅವರ ಶಾಲೆ. ಅಲ್ಲಿನ ಶಿಸ್ತು ಯಾವ ಶಾಲೆಗೂ ಕಡಿಮೆಯದಾಗಿರಲಿಲ್ಲ. ಚಿಕ್ಕ ಹುಡುಗರು ಮೊದಲು ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಬೆಳಗ್ಗೆ ಸಂಗೀತದ ಅಭ್ಯಾಸ, ಆಮೇಲೆ ಮಾತಿನ ಅಭ್ಯಾಸ, ರಾತ್ರಿ ಆಟ. ತನ್ನ ಪಾತ್ರವಿರಲಿ, ಇಲ್ಲದಿರಲಿ, ಪರದೆಯ ಪಕ್ಕದಲ್ಲಿ ನಿಂತು ಹಿರಿಯರ ಪಾತ್ರಗಳನ್ನು ಕೇಳಿ ಬಾಯಿಪಾಠ ಮಾಡಿಕೊಳ್ಳುವುದು ಹುಡುಗರ ನಿತ್ಯದ ಪಾಠ. ಯಾರಿಗಾದರೂ ಜ್ವರ ಬಂದರೆ ಆ ರಾತ್ರಿ ಅವರ ಪಾತ್ರಕ್ಕೆ ನಿಲ್ಲಬೇಕಾಗಬಹುದು. ಆಗ ಪುಸ್ತಕ ನೋಡಿಕೊಂಡು ಹೇಳಲಾಗದು. ಹೀಗೆ ಕಂದಪದ್ಯ, ವೃತ್ತ, ಕೀರ್ತನೆ, ಗದ್ಯ ಎಲ್ಲವೂ ಆ ಹುಡುಗನ ನಾಲಗೆಗೆ ಹತ್ತಿದವು.

ಭಾಷೆಯ ವಿಷಯದಲ್ಲಿ ಈ ಕಲಿಕೆ ಎಷ್ಟು ಕಷ್ಟದ್ದು ಎಂಬುದು ನಮ್ಮ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಆಡುಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಹಸು ‘ಅಸು’ ಆಗುತ್ತದೆ. ಮಹಾಪ್ರಾಣಗಳು ಬಾಯಿಗೆ ಬರುವುದೇ ಅಪರೂಪ. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಮಹಾಕಾವ್ಯಗಳನ್ನು ನೀಲಗಾರರು, ದೇವರ ಗುಡ್ಡರು ಹಾಡುವುದು ಈ ಮಾತಿನಲ್ಲೇ. ಆದರೆ ರಂಗದ ಮೇಲೆ ರಾವಣನೋ ಹರಿಶ್ಚಂದ್ರನೋ ಆಡಬೇಕಾದ್ದು ಬೇರೆ ಕನ್ನಡ. ಹಕಾರ ಅಕಾರ, ಅಲ್ಪಪ್ರಾಣ ಮಹಾಪ್ರಾಣ, ಒತ್ತಕ್ಷರ, ಉಸಿರಿನ ಅಳತೆ ಎಲ್ಲವೂ ಖಚಿತವಾಗಿರಬೇಕು. ಧ್ವನಿವರ್ಧಕದ ಸಹಾಯವಿಲ್ಲದೆ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಒಂದೊಂದು ಅಕ್ಷರ ಕೇಳಿಸಬೇಕು. ಅಕ್ಷರ ಬರೆಯುವ ಅಭ್ಯಾಸ ಹೆಚ್ಚಿಲ್ಲದ ಹುಡುಗ ಅಕ್ಷರದ ಉಚ್ಚಾರವನ್ನು ಕಿವಿಯಿಂದ ಕಲಿತ. ಮುಂದೆ ಕರ್ನಾಟಕದ ಮೇಷ್ಟ್ರುಗಳು ಸ್ಪಷ್ಟ ಕನ್ನಡಕ್ಕೆ ಯಾರನ್ನು ಮಾದರಿಯೆಂದು ತೋರಿಸುತ್ತಿದ್ದರೋ ಅವರು ಆ ಸ್ಪಷ್ಟತೆಯನ್ನು ಗಳಿಸಿದ್ದು ಹೀಗೆ, ವರ್ಷಗಟ್ಟಲೆ ತಿದ್ದಿಸಿಕೊಂಡು.

ಗುಬ್ಬಿ ಕಂಪನಿಯಲ್ಲದೆ ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ಮುತ್ತುರಾಜ್ ದುಡಿದರು. ಸುಬ್ಬಯ್ಯ ನಾಯ್ಡು ಅವರು 1934ರ ‘ಸತಿ ಸುಲೋಚನ’ದ ನಾಯಕರು. ಅದು ತೆರೆಕಂಡ ಮೊದಲ ಕನ್ನಡ ಮಾತಿನ ಚಿತ್ರ. ಹಾಗಾಗಿ ರಂಗದ ಹಿಂದೆಯೇ ಸಿನಿಮಾದ ಸುದ್ದಿಯೂ ಈ ತರುಣನ ಕಿವಿಗೆ ಬೀಳುತ್ತಿದ್ದಿರಬೇಕು. 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ ಚಿತ್ರದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಅವರು ಕಾಣಿಸಿಕೊಂಡರು. ಗುಂಪಿನಲ್ಲಿ ಒಬ್ಬರಾಗಿ ನಿಂತ ಪಾತ್ರ ಅದು. ಮಗ ತೆರೆಯ ಮೇಲೆ ನಾಯಕನಾಗುವುದನ್ನು ನೋಡಲು ತಂದೆ ಉಳಿಯಲಿಲ್ಲ. ತಂದೆಯ ನಂತರ ಮನೆಯ ಭಾರ ಹಿರಿಯ ಮಗನ ಹೆಗಲಿಗೆ ಬಂತು. 1953ರ ಜೂನ್ 25ರಂದು ಸಾಲಿಗ್ರಾಮದ ಪಾರ್ವತಮ್ಮನವರೊಂದಿಗೆ ಮದುವೆಯಾಯಿತು.

ಆಗಿನ ಕನ್ನಡ ಚಿತ್ರರಂಗದ ಸ್ಥಿತಿಯನ್ನು ತಿಳಿದರೆ ಮುಂದಿನ ಕತೆ ಸ್ಪಷ್ಟವಾಗುತ್ತದೆ. ಕನ್ನಡ ಚಿತ್ರ ಬಹುಪಾಲು ತಯಾರಾಗುತ್ತಿದ್ದುದು ಕನ್ನಡನಾಡಿನ ಹೊರಗೆ. ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆಮೇಲೆ ಮದ್ರಾಸ್ ಕೇಂದ್ರವಾಯಿತು. ಎ.ವಿ.ಎಂ., ವಾಹಿನಿ, ಜೆಮಿನಿ, ಬಿ.ಎಸ್. ರಂಗಾ ಅವರ ವಿಕ್ರಂ ಮುಂತಾದ ಸ್ಟುಡಿಯೋಗಳು ಅಲ್ಲಿದ್ದವು. ನಮ್ಮ ಕಡೆ ಇದ್ದದ್ದೆಂದರೆ ಮೈಸೂರಿನ ಪ್ರೀಮಿಯರ್ ಮತ್ತು ನವಜ್ಯೋತಿಯಂಥ ಒಂದೆರಡು ಸ್ಟುಡಿಯೋಗಳು. ಕಾಡು, ಅರಮನೆ, ಗುಡಿ, ಹೊಳೆ ಎಲ್ಲವನ್ನೂ ಸ್ಟುಡಿಯೋದ ಛಾವಣಿಯ ಕೆಳಗೆ ಮರ, ಬಟ್ಟೆ, ಸುಣ್ಣ ಬಣ್ಣಗಳಿಂದ ಕಟ್ಟುತ್ತಿದ್ದರು. ಫಿಲಂ ದುಬಾರಿ, ಸ್ಟುಡಿಯೋದ ಬಾಡಿಗೆಯೂ ದುಬಾರಿ. ಮಾತು ತಪ್ಪದೆ, ಒಂದೇ ಉಸಿರಿಗೆ ಉದ್ದದ ದೃಶ್ಯ ಮುಗಿಸಬಲ್ಲ ನಟನಿಗೆ ಅಲ್ಲಿ ಬೆಲೆಯಿತ್ತು. ಕಂಪನಿ ನಾಟಕದಿಂದ ಬಂದವರಿಗೆ ಆ ಶಕ್ತಿ ಕೈಯಲ್ಲೇ ಇತ್ತು.

1954ರಲ್ಲಿ ಗುಬ್ಬಿ ವೀರಣ್ಣನವರು ಎ.ವಿ.ಎಂ. ಜೊತೆಗೂಡಿ ‘ಬೇಡರ ಕಣ್ಣಪ್ಪ’ ತೆಗೆದರು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಕಣ್ಣಪ್ಪನ ಪಾತ್ರಕ್ಕೆ ಅವರು ಆರಿಸಿದ್ದು ಮುತ್ತುರಾಜ್ ಅವರನ್ನು. ರಾಜ್‌ಕುಮಾರ್ ಎಂಬ ಹೆಸರನ್ನು ಇಟ್ಟವರೂ ಅವರೇ. ಪಂಢರಿಬಾಯಿ ನಾಯಕಿ. ನರಸಿಂಹರಾಜು, ಜಿ.ವಿ. ಅಯ್ಯರ್ ಅವರಿಗೂ ಈ ಚಿತ್ರ ದೊಡ್ಡ ತಿರುವು. ಶಿವಲಿಂಗದ ಕಣ್ಣಿನಿಂದ ನೆತ್ತರು ಸುರಿದಾಗ ತನ್ನ ಕಣ್ಣನ್ನೇ ಕಿತ್ತು ಕೊಟ್ಟ ಬೇಡನ ಕತೆ ನಮ್ಮ ಜನಕ್ಕೆ ಹೊಸದಲ್ಲ. ಆದರೆ ಆ ಬೇಡನ ಮುಗ್ಧತೆ, ಸಿಟ್ಟು, ಭಕ್ತಿ ಮೂರನ್ನೂ ಒಂದೇ ಮುಖದಲ್ಲಿ ಕಂಡದ್ದು ಹೊಸದು. ಚಿತ್ರ ಗೆದ್ದಿತು, ರಾಷ್ಟ್ರ ಪ್ರಶಸ್ತಿಯ ಅರ್ಹತಾ ಪತ್ರವೂ ಬಂತು. ಅದೇ ಕತೆಯ ತೆಲುಗು ಚಿತ್ರ ‘ಕಾಳಹಸ್ತಿ ಮಹಾತ್ಯಂ’ನಲ್ಲೂ ಅವರೇ ನಾಯಕರಾದರು. ಅದಾದ ಮೇಲೆ ಅವರು ಬೇರೆ ಭಾಷೆಯ ಚಿತ್ರದಲ್ಲಿ ನಟಿಸಲಿಲ್ಲ.

ಈ ಕೊನೆಯ ಮಾತಿನ ತೂಕವನ್ನು ಗಮನಿಸಬೇಕು. ಅವರು ಬಾಳುತ್ತಿದ್ದುದು ಮದ್ರಾಸಿನಲ್ಲಿ. ಮಕ್ಕಳು ಹುಟ್ಟಿದ್ದೂ ಅಲ್ಲೇ. ಪಕ್ಕದ ಸೆಟ್ಟಿನಲ್ಲಿ ತಮಿಳು, ತೆಲುಗು ಚಿತ್ರಗಳು ದೊಡ್ಡ ಹಣದಲ್ಲಿ ತಯಾರಾಗುತ್ತಿದ್ದವು. ಕನ್ನಡ ಚಿತ್ರಗಳ ಮಾರುಕಟ್ಟೆ ಚಿಕ್ಕದು. ಮೊದಲ ಚಿತ್ರ ಗೆದ್ದ ಮೇಲೂ ಕೈತುಂಬ ಕೆಲಸ ಇರಲಿಲ್ಲ. ಕೆಲಸವಿಲ್ಲದ ಆ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು. ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರಿನಲ್ಲಿ ನಾಟಕ ಆಡಿದರು. ಹೀಗೆ ಒಟ್ಟಾಗಿ ದುಡಿದ ನಟರೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ತಂದರು. ಮೈಸೂರಿನ ಅರಸನ ಕತೆಯನ್ನು ಹೇಳಿದ ಆ ಚಿತ್ರ ಜನರನ್ನು ಗೆದ್ದಿತು. ಕನ್ನಡ ಚಿತ್ರ ತನ್ನ ಕಾಲ ಮೇಲೆ ನಿಲ್ಲಬಹುದೆಂಬ ಧೈರ್ಯ ಬಂದದ್ದು ಇಂಥ ಸಾಹಸಗಳಿಂದ.

ಐವತ್ತು, ಅರವತ್ತರ ದಶಕದ ಅವರ ಕಪ್ಪು ಬಿಳುಪಿನ ಚಿತ್ರಗಳ ಪಟ್ಟಿ ನೋಡಿದರೆ ಒಂದು ವಿಶೇಷ ಕಾಣುತ್ತದೆ. ತಂದೆ ರಂಗದ ಮೇಲೆ ಮಾಡುತ್ತಿದ್ದ ರಾವಣನನ್ನು ಮಗ 1958ರ ‘ಭೂಕೈಲಾಸ’ದಲ್ಲಿ ಮಾಡಿದರು. 1959ರಲ್ಲಿ ಮಹಿಷಾಸುರನಾದರು. ಅದೇ ನಟ 1960ರಲ್ಲಿ ಕನಕದಾಸರಾದರು, 1962ರಲ್ಲಿ ಕಬೀರರಾದರು, 1963ರಲ್ಲಿ ತುಕಾರಾಮರಾದರು, 1964ರ ‘ನವಕೋಟಿ ನಾರಾಯಣ’ದಲ್ಲಿ ಪುರಂದರದಾಸರಾದರು. 1965ರಲ್ಲಿ ಸರ್ವಜ್ಞ ಮತ್ತು ಹರಿಶ್ಚಂದ್ರ ಎರಡೂ ಬಂದವು. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾದರು. 1967ರಲ್ಲಿ ಇಮ್ಮಡಿ ಪುಲಿಕೇಶಿ, 1970ರಲ್ಲಿ ಶ್ರೀಕೃಷ್ಣದೇವರಾಯ, 1975ರಲ್ಲಿ ಕದಂಬರ ಮಯೂರ. ಮುಂದೆ 1983ರಲ್ಲಿ ಕಾಳಿದಾಸ. ಅದೇ ವರ್ಷ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆಯ ಇನ್ನೊಂದು ಪಾತ್ರವಾದ ಹಿರಣ್ಯಕಶಿಪು, ಪ್ರಹ್ಲಾದನಾಗಿ ಎದುರಿಗೆ ನಿಂತವರು ಅವರ ಕಿರಿಯ ಮಗ ಪುನೀತ್.

ಇವರಲ್ಲಿ ಅರ್ಧದಷ್ಟು ಮಂದಿ ನಮ್ಮ ಕನ್ನಡ ಪಠ್ಯಪುಸ್ತಕ ಮತ್ತು ಚರಿತ್ರೆ ಪುಸ್ತಕದಲ್ಲಿ ಬರುವವರು. ಓದು ಬಾರದ ರೈತರು, ಕೂಲಿಯವರು, ಹೆಣ್ಣುಮಕ್ಕಳು ಟೆಂಟ್ ಸಿನಿಮಾದ ಮರಳಿನ ಮೇಲೆ ಕೂತು ಕನಕದಾಸರನ್ನು, ಪುಲಿಕೇಶಿಯನ್ನು ಕಂಡರು. ಆ ಕಾಲದ ಎಷ್ಟೋ ಹಳ್ಳಿಗರಿಗೆ ನಾಡಿನ ಚರಿತ್ರೆಯ ಮೊದಲ ಪಾಠ ಇದೇ. ಚಿತ್ರದ ಚರಿತ್ರೆಯೆಲ್ಲವೂ ಇತಿಹಾಸಕಾರರು ಒಪ್ಪುವಂಥದಲ್ಲ ನಿಜ. ಅದರಲ್ಲಿ ಕಲ್ಪನೆ ಬೆರೆತಿದೆ. ಆದರೂ ಆ ಹೆಸರುಗಳು ಜನರ ಬಾಯಲ್ಲಿ ಉಳಿದವು. ಮೂರು ಅಕ್ಷರ ಕಲಿಯುವ ಮೊದಲೇ ಶಾಲೆ ಬಿಟ್ಟ ಹುಡುಗ ಶಾಲೆಗೆ ಹೋಗದವರಿಗೆಲ್ಲ ಪಾಠ ಹೇಳಿದಂತಾಯಿತು.

ರಂಗದಿಂದ ಸ್ಟುಡಿಯೋಗೆ ಬಂದ ನಟರಲ್ಲಿ ಅನೇಕರು ರಂಗದ ದೊಡ್ಡ ದನಿ, ದೊಡ್ಡ ಅಭಿನಯಗಳನ್ನು ಬಿಡಲಾಗದೆ ಹಿಂದೆ ಉಳಿದರು. ರಾಜ್‌ಕುಮಾರ್ ಅದನ್ನು ಬೇಕಾದಲ್ಲಿ ಇಟ್ಟುಕೊಂಡು, ಬೇಡವಾದಲ್ಲಿ ಬಿಟ್ಟರು. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಕಿವುಡು ಮೂಗರ ನೋವನ್ನು ಕುರಿತ ಮೆಲುದನಿಯ ಚಿತ್ರ. ರಾವಣನಾಗಿ ಸೆಟ್ಟು ನಡುಗಿಸಿದ ನಟ ಅದರಲ್ಲಿ ಸಾಧಾರಣ ಗೃಹಸ್ಥನಾಗಿ ಕಾಣುತ್ತಾರೆ. 1968ರ ‘ಜೇಡರ ಬಲೆ’ಯಲ್ಲಿ ಕೋಟು ತೊಟ್ಟ ಪತ್ತೇದಾರನಾದರು. 1971ರ ‘ಕಸ್ತೂರಿ ನಿವಾಸ’ದಲ್ಲಿ ಎಲ್ಲವನ್ನೂ ಕೊಟ್ಟು ಬರಿಗೈಯಾದ ದೊಡ್ಡ ಮನುಷ್ಯನಾದರು. ಕಾಲ ಬದಲಾದಂತೆ ಕಲಿತದ್ದನ್ನು ಬದಲಿಸಿಕೊಳ್ಳುವುದೂ ಒಂದು ಓದೇ. ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಈ ಮೂವರನ್ನು ಆಗ ಕುಮಾರತ್ರಯರೆಂದು ಕರೆಯುತ್ತಿದ್ದರು. ಮೂವರೂ ಸಮರ್ಥರೇ. ಆದರೆ ನಾಲ್ಕು ದಶಕಗಳ ಕಾಲ ನಾಯಕನಾಗಿ ನಿಂತವರು ರಾಜ್‌ಕುಮಾರ್.

ನಮ್ಮ ಶಾಲೆ ಬಾಗಿಲು ತೆರೆದದ್ದು ಎಪ್ಪತ್ತರ ದಶಕದಲ್ಲಿ. ಅದೇ ದಶಕ ಅವರ ಖ್ಯಾತಿಯ ಶಿಖರ. 1972ರ ಮಾರ್ಚ್ 31ರಂದು ಸಿದ್ಧಲಿಂಗಯ್ಯನವರ ನಿರ್ದೇಶನದ ‘ಬಂಗಾರದ ಮನುಷ್ಯ’ ಬಿಡುಗಡೆಯಾಯಿತು. ಟಿ.ಕೆ. ರಾಮರಾಯರ ಕಾದಂಬರಿ ಅದಕ್ಕೆ ಆಧಾರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಅಕ್ಕನ ಸಂಸಾರಕ್ಕಾಗಿ ಬಂಜರು ಭೂಮಿಯನ್ನು ಹಸನು ಮಾಡಿ, ಕೊನೆಗೆ ಅನುಮಾನದ ಮಾತಿಗೆ ನೊಂದು ಎಲ್ಲ ಬಿಟ್ಟು ನಡೆದುಹೋಗುವ ರಾಜೀವನ ಕತೆ ಅದು. ಪೇಟೆ ಸೇರಿದ್ದ ತರುಣರು ಅದನ್ನು ನೋಡಿ ಬೇಸಾಯಕ್ಕೆ ಮರಳಿದರೆಂದು ಇಂದಿಗೂ ಹೇಳುತ್ತಾರೆ. ಮಳೆಯನ್ನೇ ನಂಬಿದ ರಾಗಿ, ಜೋಳದ ಹೊಲಗಳ ನಮ್ಮ ಹನೂರು ಕಡೆಯ ರೈತರಿಗೆ ಬಂಡೆ ಒಡೆದು ಬಾವಿ ತೋಡುವ ಆ ರಾಜೀವ ಪರದೆಯ ಮೇಲಿನ ಪರಕೀಯನಾಗಿ ಕಂಡಿರಲಾರ.

1973ರ ‘ಗಂಧದ ಗುಡಿ’ಯಲ್ಲಿ ಅವರು ಕಾಡನ್ನು ಕಾಯುವ ಪ್ರಾಮಾಣಿಕ ಅರಣ್ಯಾಧಿಕಾರಿ. ಮರಗಳ್ಳತನ, ಪ್ರಾಣಿಬೇಟೆಗಳ ವಿರುದ್ಧ ಕನ್ನಡದಲ್ಲಿ ಅಷ್ಟು ಜನಪ್ರಿಯವಾದ ಚಿತ್ರ ಅದಕ್ಕೆ ಮುಂಚೆ ಬಂದಿರಲಿಲ್ಲ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ನಡುವೆ ಬಾಳುವ ನಮಗೆ ಆ ಕತೆ ಪಕ್ಕದ ಮನೆಯದೇ. 1977ರಲ್ಲಿ ‘ಬಬ್ರುವಾಹನ’ದಲ್ಲಿ ಅರ್ಜುನ ಮತ್ತು ಅವನ ಮಗ ಎರಡೂ ಆಗಿ, ತನ್ನೊಡನೆ ತಾನೇ ವಾದಕ್ಕೆ ನಿಂತರು. ಕಂಪನಿ ನಾಟಕದ ಮಾತಿನ ಬಿಸಿಯೆಲ್ಲ ಅದರಲ್ಲಿದೆ. ಅದೇ ವರ್ಷದ ‘ಸನಾದಿ ಅಪ್ಪಣ್ಣ’ದಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಗೆ ತಕ್ಕಂತೆ ಉಸಿರು, ಬೆರಳು, ಕೆನ್ನೆಗಳನ್ನು ಹೊಂದಿಸಿ ನಟಿಸಿದರು.

ಹಾಡುಗಾರಿಕೆಯ ಕತೆ ಇನ್ನೂ ಪಾಠದಂತಿದೆ. ಕಂಪನಿಯಲ್ಲಿ ಹಾಡಿ ಬೆಳೆದವರಾದರೂ ಸಿನಿಮಾದಲ್ಲಿ ಬಹುಕಾಲ ಅವರಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. ‘ಓಹಿಲೇಶ್ವರ’, ‘ಮಹಿಷಾಸುರ ಮರ್ದಿನಿ’ಯಂಥ ಒಂದೆರಡು ಚಿತ್ರಗಳಲ್ಲಿ ಹಾಡಿದ್ದು ಬಿಟ್ಟರೆ ಅವರ ಕಂಠ ತೆರೆಯ ಹಿಂದೆಯೇ ಉಳಿದಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಿಂದಲೇ ಎಮ್ಮೆ ಮೇಲಿನ ಹಾಡನ್ನು ಹಾಡಿಸಿದರು. ಆಗ ಅವರಿಗೆ 45 ವರ್ಷ. ಅಲ್ಲಿಂದ ಮುಂದೆ ತಮ್ಮ ಹಾಡನ್ನು ತಾವೇ ಹಾಡಿದರು. ‘ಜೀವನ ಚೈತ್ರ’ (1992) ಚಿತ್ರದ ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಾಗ ಅರವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮಾಸ್ತರರ ಮುಂದೆ ಮಾಡಿದ ಅಭ್ಯಾಸ ಅರ್ಧ ಶತಮಾನದ ನಂತರ ಫಲ ಕೊಟ್ಟಿತು.

ಅವರ ಯಶಸ್ಸನ್ನು ಅವರೊಬ್ಬರದೇ ಎಂದು ತಿಳಿಯಬಾರದು. ತಮ್ಮ ವರದರಾಜ್ ಕತೆಗಳನ್ನು ಅಳೆದು ತೂಗಿ ಆರಿಸುತ್ತಿದ್ದರು. ಚಿ. ಉದಯಶಂಕರ್ ಅವರ ಸಂಭಾಷಣೆ ಮತ್ತು ಹಾಡುಗಳು ಅವರ ನಾಲಗೆಗೆ ಹೇಳಿ ಮಾಡಿಸಿದಂತಿದ್ದವು. ಪಾರ್ವತಮ್ಮನವರು ಮನೆಯನ್ನೂ ಚಿತ್ರನಿರ್ಮಾಣ ಸಂಸ್ಥೆಯನ್ನೂ ಒಟ್ಟಿಗೆ ನಡೆಸಿದರು. ಕನ್ನಡದ ದೊಡ್ಡ ನಿರ್ಮಾಪಕರಲ್ಲಿ ಒಬ್ಬರಾದರು. ದೇವುಡು, ವಾಣಿ, ಟಿ.ಕೆ. ರಾಮರಾವ್, ಭಾರತೀಸುತ ಮುಂತಾದವರ ಕಾದಂಬರಿಗಳು ಅವರ ಚಿತ್ರಗಳಾದವು. ಪುಸ್ತಕ ಬರೆದವರನ್ನು ಅವರು ಗೌರವದಿಂದ ಕಂಡರು.

ಇನ್ನು ಶಾಲೆಗೆ ನೇರವಾಗಿ ಸಂಬಂಧಿಸಿದ ಘಟನೆ. ವಿ.ಕೃ. ಗೋಕಾಕರ ನೇತೃತ್ವದ ಸಮಿತಿ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟಿತು. ಅದನ್ನು ಜಾರಿಗೆ ತರಬೇಕೆಂದು ಸಾಹಿತಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಚಳವಳಿ ಹೂಡಿದರು. 1982ರಲ್ಲಿ ರಾಜ್‌ಕುಮಾರ್ ಅದಕ್ಕೆ ಧುಮುಕಿದ ಮೇಲೆ ಅದು ಜನರ ಚಳವಳಿಯಾಯಿತು. ಚಿತ್ರರಂಗವೆಲ್ಲ ಹಿಂದೆ ಬಂತು, ಊರೂರಿನಲ್ಲಿ ಸಭೆಗಳಾದವು. ಶಾಲೆಯಲ್ಲಿ ಕನ್ನಡ ಓದಲು ತಮಗೆ ಸಿಗದ ಅವಕಾಶ ನಾಡಿನ ಮಕ್ಕಳಿಗೆ ಸಿಗಲೆಂದು ನಟನೊಬ್ಬ ಬೀದಿಗೆ ಇಳಿದದ್ದು ಸಣ್ಣ ಸಂಗತಿಯಲ್ಲ. ಅಷ್ಟು ಜನಬೆಂಬಲವಿದ್ದರೂ ಅವರು ಪಕ್ಷ ಕಟ್ಟಲಿಲ್ಲ, ಚುನಾವಣೆಗೆ ನಿಲ್ಲಲಿಲ್ಲ. ಸಭೆ ಮುಗಿಸಿ ಮತ್ತೆ ಬಣ್ಣ ಹಚ್ಚಿದರು.

ಗೌರವಗಳು ಸಾಲುಗಟ್ಟಿ ಬಂದವು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕುವೆಂಪು ಅವರೊಂದಿಗೆ ಕರ್ನಾಟಕ ರತ್ನ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಚಿತ್ರಗಳ ಸಂಖ್ಯೆ 200 ದಾಟಿತು. ಅಭಿಮಾನಿಗಳನ್ನು ಅವರು ದೇವರೆಂದು ಕರೆದರು. ಬಿಳಿ ಪಂಚೆ, ಬಿಳಿ ಅಂಗಿ ಬಿಡಲಿಲ್ಲ. ಗಾಜನೂರಿನ ತೋಟದ ನಂಟೂ ಬಿಡಲಿಲ್ಲ.

ಆ ನಂಟೇ ಅವರನ್ನು ದೊಡ್ಡ ಪರೀಕ್ಷೆಗೆ ಒಡ್ಡಿತು. ಹೊಸ ಮನೆಯ ಪ್ರವೇಶಕ್ಕೆಂದು ಗಾಜನೂರಿಗೆ ಬಂದಿದ್ದಾಗ, 2000ದ ಜುಲೈ 30ರ ರಾತ್ರಿ, ಕಾಡುಗಳ್ಳ ವೀರಪ್ಪನ್ ಅವರನ್ನೂ ಅಳಿಯ ಸೇರಿದಂತೆ ಮೂವರನ್ನೂ ಒಯ್ದ. ಅವರಿಗಾಗ 71 ವರ್ಷ. ಮಳೆಗಾಲದ ಕಾಡಿನಲ್ಲಿ 108 ದಿನ. ನಾಡಿನಲ್ಲಿ ಚಿತ್ರಮಂದಿರಗಳು ಮುಚ್ಚಿದವು, ಗಡಿಯ ಎರಡೂ ಕಡೆ ಜನ ಭಯದಿಂದ ಇದ್ದರು. ಕನ್ನಡ ತಮಿಳು ಎರಡೂ ಬೆರೆತ ನಮ್ಮ ಸೀಮೆಯಲ್ಲಿ ಒಂದು ಕೆಟ್ಟ ಸುದ್ದಿ ಬಂದರೆ ಏನಾದೀತೆಂಬ ಆತಂಕ ಎಲ್ಲರಿಗೂ ಇತ್ತು. ನವೆಂಬರ್ 15ರಂದು ಅವರು ಬಿಡುಗಡೆಯಾದರು. ಎರಡು ವರ್ಷಗಳ ನಂತರ ಅದೇ ವೀರಪ್ಪನ್ ಕಾಮಗೆರೆಯಿಂದ ಒಯ್ದ ಮಾಜಿ ಸಚಿವ ಎಚ್. ನಾಗಪ್ಪನವರು ಜೀವಂತ ಮರಳಲಿಲ್ಲ. ಆ ನೋವು ತಿಳಿದ ನಮ್ಮವರಿಗೆ ರಾಜ್‌ಕುಮಾರ್ ಬದುಕಿ ಬಂದದ್ದು ಎಷ್ಟು ದೊಡ್ಡದೆಂದು ಬೇರೆಯವರು ಹೇಳಬೇಕಾಗಿಲ್ಲ.

2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ರಾಜ್‌ಕುಮಾರ್ ತೀರಿಕೊಂಡರು. ದುಃಖ ಕೆಲವೆಡೆ ಹಿಂಸೆಗೆ ತಿರುಗಿ, ಬೆಂಗಳೂರಿನಲ್ಲಿ ಪ್ರಾಣಹಾನಿಯೂ ಆಯಿತು. ಜೀವನವಿಡೀ ಕೈಮುಗಿದು ನಿಂತ ಮನುಷ್ಯನಿಗೆ ಅದು ತಕ್ಕ ವಿದಾಯವಾಗಿರಲಿಲ್ಲ. ಕಂಠೀರವ ಸ್ಟುಡಿಯೋದ ಆವರಣದಲ್ಲಿ ಅವರ ಸಮಾಧಿಯಾಯಿತು. ಅದಕ್ಕೆ ಮೊದಲು ಅವರ ಎರಡು ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅವರ ಇಚ್ಛೆಯೇ ಅದಾಗಿತ್ತು. ನಾಯಕನಾಗಿ ಮಾಡಿದ ಮೊದಲ ಪಾತ್ರದಲ್ಲಿ ದೇವರಿಗೆ ಕಣ್ಣು ಕೊಟ್ಟವರು, ಕೊನೆಯಲ್ಲಿ ಕಾಣದ ಮನುಷ್ಯರಿಗೆ ಕಣ್ಣು ಕೊಟ್ಟರು. 2021ರಲ್ಲಿ ಅಕಾಲಕ್ಕೆ ಅಗಲಿದ ಪುನೀತ್ ಅವರ ಕಣ್ಣುಗಳೂ ಹಾಗೆಯೇ ದಾನವಾದವು. ಈ ಎರಡು ಉದಾಹರಣೆಗಳನ್ನು ನೋಡಿ ನೇತ್ರದಾನಕ್ಕೆ ಹೆಸರು ಬರೆಸಿದವರು ಸಾವಿರಾರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ರಾಜ್‌ಕುಮಾರ್ ಓದಲಿಲ್ಲವೇ? ಅವರಿಗೆ ತರಗತಿ ಸಿಗಲಿಲ್ಲ, ಅಷ್ಟೇ. ಪರದೆಯ ಪಕ್ಕದಲ್ಲಿ ನಿಂತು ಅವರು ವರ್ಷಗಟ್ಟಲೆ ಓದಿದರು. ನಿದ್ದೆಗೆಟ್ಟು ಬಾಯಿಪಾಠ ಮಾಡಿದರು, ತಪ್ಪಿದಾಗ ಎಲ್ಲರ ಮುಂದೆ ತಿದ್ದಿಸಿಕೊಂಡರು, ಹಸಿದ ಹೊಟ್ಟೆಯಲ್ಲಿ ಹಾಡಿದರು. ನಾಯಕನಾಗುವ ಹೊತ್ತಿಗೆ ಅವರ ಬೆನ್ನ ಹಿಂದೆ ಹದಿನೈದು ವರ್ಷಕ್ಕೂ ಮಿಕ್ಕಿದ ಅಭ್ಯಾಸವಿತ್ತು. ಅವರಂತೆ ಶಾಲೆ ಬಿಟ್ಟು ಕಂಪನಿ ಸೇರಿದ ಮಕ್ಕಳು ಎಷ್ಟೋ ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ತಿಳಿಯದು. ಶಾಲೆ ಬಿಡುವುದು ದೊಡ್ಡವರಾಗುವ ದಾರಿಯಾಗಿದ್ದರೆ ಅವರೆಲ್ಲ ದೊಡ್ಡವರಾಗಬೇಕಿತ್ತು.

ಅವರಿಗೆ ಸಿಗದ ತರಗತಿ ಇಂದು ನಮ್ಮ ಮಕ್ಕಳಿಗೆ ಸಿಕ್ಕಿದೆ. ಪುಸ್ತಕವಿದೆ, ಮೇಷ್ಟ್ರುಗಳಿದ್ದಾರೆ, ಮಧ್ಯಾಹ್ನ ಬಿಸಿಯೂಟವಿದೆ. ಕಂಪನಿಯ ಶಾಲೆಯಲ್ಲಿ ಇದ್ದು ನಮ್ಮ ಶಾಲೆಯಲ್ಲಿ ಕಡಿಮೆಯಾಗುತ್ತಿರುವುದು ಒಂದೇ: ಗಟ್ಟಿಯಾಗಿ ಓದುವುದು, ಬಾಯಿಪಾಠ ಹೇಳುವುದು, ಪದ್ಯವನ್ನು ರಾಗವಾಗಿ ಹಾಡುವುದು. ವಾರಕ್ಕೊಂದು ತಾಸು ಮಕ್ಕಳಿಂದ ಪದ್ಯ, ನಾಟಕದ ಭಾಗಗಳನ್ನು ಗಟ್ಟಿಯಾಗಿ ಹೇಳಿಸಿದರೆ, ವರ್ಷಕ್ಕೊಂದು ಪೌರಾಣಿಕ ಅಥವಾ ಐತಿಹಾಸಿಕ ನಾಟಕವನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಆಡಿಸಿದರೆ ಸಾಕು. ಮನೆಯಲ್ಲಿ ‘ಆಲು’ ಎನ್ನುವ ಮಗು ವೇದಿಕೆಯಲ್ಲಿ ಹಾಲು ಎನ್ನಲು ಕಲಿಯುತ್ತದೆ. ಎರಡೂ ತನ್ನದೇ ಎಂದು ತಿಳಿಯುತ್ತದೆ. ಸಿಂಗಾನಲ್ಲೂರಿನ ಮುತ್ತುರಾಜ ಕಲಿತದ್ದು ಹಾಗೆಯೇ. ಸುವರ್ಣ ಮಹೋತ್ಸವದ ವರ್ಷದಲ್ಲಿ ಆ ಕೆಲಸ ನಮ್ಮ ಶಾಲೆಯಲ್ಲಿ ಆರಂಭವಾಗಲಿ.